ಪರವಾನಗಿ ಬೇಡದ ಅಲೆಗಳು

1930ರ ದಶಕದ ಅಮೆರಿಕ. ಗ್ರಾಮಫೋನಿನ ಹಾಡನ್ನು ತಂತಿಯಿಲ್ಲದೆ ಪಕ್ಕದ ಕೋಣೆಯ ರೇಡಿಯೊಗೆ ತಲುಪಿಸುವ ಪುಟ್ಟ ಉಪಕರಣಗಳು ಮನೆಗಳಿಗೆ ಬರತೊಡಗಿದವು. ಅವೂ ಪ್ರಸಾರ ಮಾಡುವ ಯಂತ್ರಗಳೇ. ಹಾಗೆಂದು ಮನೆಮನೆಗೂ ಪರವಾನಗಿ ಕೊಡಲಾದೀತೆ?

1938ರಲ್ಲಿ ಅಲ್ಲಿನ ಸಂವಹನ ನಿಯಂತ್ರಣ ಸಂಸ್ಥೆಯಾದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ ಇವಕ್ಕೆ ವಿನಾಯಿತಿ ನೀಡಿತು. ತರಂಗಾಂತರದ ಸುಮಾರು ಆರನೇ ಒಂದು ಭಾಗದಷ್ಟು ದೂರದಲ್ಲಿ ಅಲೆಯ ಬಲ ಮೀಟರಿಗೆ 15 ಮೈಕ್ರೊವೋಲ್ಟ್ ಮೀರಬಾರದು ಎಂಬುದು ಷರತ್ತು. 1000 ಕಿಲೊಹರ್ಟ್ಸ್‌ನಲ್ಲಿ ಆ ದೂರ ಸುಮಾರು 48 ಮೀಟರ್, ಅಂದರೆ ಮನೆ ಮತ್ತು ಅಂಗಳ. ಯಂತ್ರ ಯಾರದೆಂದು ಕೇಳದೆ ಅಲೆಯನ್ನಷ್ಟೇ ಅಳೆದ ಈ ನಿಯಮ ನಿಜಕ್ಕೂ ದೂರದೃಷ್ಟಿಯದು. ಪರವಾನಗಿ ಇದ್ದವರಿಗೆ ತೊಂದರೆ ಕೊಡಬಾರದು, ಅವರಿಂದಾಗುವ ತೊಂದರೆಯನ್ನು ಸಹಿಸಬೇಕು ಎಂಬ ತತ್ವ ಇಂದಿಗೂ ಉಳಿದಿದೆ.

ದೊಡ್ಡ ತಿರುವು 1985ರದು. ಮೈಕ್ರೊವೇವ್ ಒಲೆಗಳು ಬಳಸುತ್ತಿದ್ದ, ಸಂವಹನಕ್ಕೆ ಅಷ್ಟೇನೂ ಬೇಡಿಕೆಯಿಲ್ಲದ 2.4 ಗಿಗಾಹರ್ಟ್ಸ್ ಸೇರಿದಂತೆ ಮೂರು ಆವರ್ತನ ಪಟ್ಟಿಗಳಲ್ಲಿ, ಸಂಕೇತವನ್ನು ಅಗಲವಾಗಿ ಹರಡಿ ಕಳಿಸುವ ಸ್ಪ್ರೆಡ್ ಸ್ಪೆಕ್ಟ್ರಮ್ ಸಾಧನಗಳಿಗೆ 1 ವ್ಯಾಟ್‌ವರೆಗೆ ಅನುಮತಿ ಸಿಕ್ಕಿತು. ಇದರ ಹಿಂದಿದ್ದವರು ಕಮಿಷನ್ನಿನ ಎಂಜಿನಿಯರ್ ಮೈಕೆಲ್ ಮಾರ್ಕಸ್. ಅವರ ಹೆಸರು ಇನ್ನೂ ಹೆಚ್ಚು ಜನರಿಗೆ ತಿಳಿಯಬೇಕು. ವೈ-ಫೈ, ಬ್ಲೂಟೂತ್ ಬೆಳೆದದ್ದು ಈ ನೆಲದಲ್ಲೇ.

ಭಾರತ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಪರವಾನಗಿಯಿಂದ ಮುಕ್ತಗೊಳಿಸಿದ್ದು 2005ರಲ್ಲಿ.