ಮೂವತ್ತಾರು ವರ್ಷ ತಿದ್ದಿದ ಅರ್ಜಿ

ನಂಜನಗೂಡಿನ ಶ್ರೀಕಂಠೇಶ್ವರನ ಗುಡಿಗೆ ಹೋದವರು ಮೊದಲು ಕತ್ತೆತ್ತಿ ನೋಡುವುದು ಏಳು ಅಂತಸ್ತಿನ ಆ ಗೋಪುರವನ್ನು. 1840ರ ದಶಕದಲ್ಲಿ ಅದನ್ನು ಕಟ್ಟಿಸಿದ್ದು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ. ಎಂಥಾ ವೈಭವ, ಎಂಥಾ ರಾಜ್ಯಭಾರ ಅಂದುಕೊಂಡು ಒಳಗೆ ಹೋಗ್ತೀವಿ. ಆದರೆ ಗೋಪುರ ಮೇಲೇಳುತ್ತಿದ್ದ ಆ ದಿನಗಳಲ್ಲಿ ಮಹಾರಾಜರ ಕೈಯಲ್ಲಿ ರಾಜ್ಯವೇ ಇರಲಿಲ್ಲ! ಇದ್ದದ್ದು ಅರಮನೆ, ಒಂದಿಷ್ಟು ವರ್ಷಾಶನ, ಮತ್ತೆ ಅರ್ಜಿ ಬರೆಯುವ ಕೆಲಸ.

ನನ್ನ ಜೊತೆ ಕೆಲಸ ಮಾಡುವವರಲ್ಲಿ ಅರ್ಧ ಜನ ಎಂ.ಎಸ್. ಮಾಡಲು ಹೊರದೇಶದ ಯೂನಿವರ್ಸಿಟಿಗಳಿಗೆ ಅರ್ಜಿ ಹಾಕಿದವರು. 'ಇಲ್ಲ' ಅಂತ ಉತ್ತರ ಬಂದ ಮೇಲೆ ಅದರ ಜೊತೆಗಿನ ಪ್ರಬಂಧವನ್ನು ತಿದ್ದೋದು ಹೇಗೆ ಅನ್ನೋದೇ ಟೀ ಹೊತ್ತಿನ ಚರ್ಚೆ. ಅವರಿಗೆ ನಾನು ಹೇಳೋ ಕತೆ ಮುಮ್ಮಡಿಯವರದ್ದು. ಇಂಜಿನಿಯರಿಂಗ್ ಓದಿದವನು ಇತಿಹಾಸಕ್ಕೆ ಕೈ ಹಾಕಿದ್ದಾನೆ ಅಂತ ನಗಬೇಡಿ :)

1799ರಲ್ಲಿ ಟಿಪ್ಪು ಸತ್ತ ಮೇಲೆ ಬ್ರಿಟಿಷರು ಐದು ವರ್ಷದ ಹುಡುಗನನ್ನು ಸಿಂಹಾಸನದ ಮೇಲೆ ಕೂರಿಸಿ ಒಪ್ಪಂದ ಮಾಡಿಕೊಂಡರು. ವರ್ಷಕ್ಕೆ 7 ಲಕ್ಷ ವರಹ, ಅಂದರೆ 24.5 ಲಕ್ಷ ರೂಪಾಯಿ ಪೊಗದಿ ಕಟ್ಟಬೇಕು. ಆ ಹಣಕ್ಕೆ ಅಪಾಯ ಅನ್ನಿಸಿದರೆ ಕಂಪನಿ ಮಧ್ಯೆ ಬರಬಹುದು. 1830-31ರಲ್ಲಿ ನಗರದ ಕಡೆ ರೈತರು ದಂಗೆ ಎದ್ದರು. ಗವರ್ನರ್ ಜನರಲ್ ಬೆಂಟಿಂಕ್ ಈ ಷರತ್ತನ್ನು ಹಿಡಿದುಕೊಂಡು 1831ರಲ್ಲಿ ಇಡೀ ರಾಜ್ಯವನ್ನೇ ತೆಗೆದುಕೊಂಡುಬಿಟ್ಟ. ಆಗ ಮುಮ್ಮಡಿಯವರಿಗೆ 37 ವರ್ಷ.

ತಮಾಷೆ ಏನೆಂದರೆ, ಮಹಾರಾಜರ ಪರವಾದ ಮೊದಲ ಒಳ್ಳೆಯ ವಾದ ಬಂದದ್ದು ಬೆಂಟಿಂಕನಿಂದಲೇ. ತಾನೇ ನೇಮಿಸಿದ ಸಮಿತಿಯ ವರದಿ ಓದಿದ ಮೇಲೆ, 1834ರಲ್ಲಿ ಅವನು ಲಂಡನ್ನಿಗೆ ಬರೆದ. ಪೊಗದಿಗೆ ತಕ್ಷಣದ ಅಪಾಯವೇನೂ ಇದ್ದಂತಿಲ್ಲ, ಒಪ್ಪಂದದ ಪ್ರಕಾರ ತೆಗೆದುಕೊಳ್ಳಬಹುದಾದದ್ದು ಹಣ ಹುಟ್ಟಲು ಬೇಕಾದಷ್ಟು ಭಾಗ ಮಾತ್ರ, ಉಳಿದದ್ದನ್ನು ವಾಪಸ್ ಕೊಡೋಣ ಅಂತ. ಕಂಪನಿಯ ಡೈರೆಕ್ಟರುಗಳು ಒಪ್ಪಲಿಲ್ಲ. ಕೊಟ್ಟರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ ಅನ್ನೋ ಧೋರಣೆ. ಕೊನೆಗೆ ಏನೂ ಇಲ್ಲ!

1840ರ ದಶಕದಲ್ಲಿ ಮುಮ್ಮಡಿಯವರು ಗವರ್ನರ್ ಜನರಲ್ ಹಾರ್ಡಿಂಜ್‌ಗೆ ಮನವಿ ಮಾಡಿಕೊಂಡರು. 1847ರಲ್ಲಿ ಡೈರೆಕ್ಟರುಗಳು ಕೊಟ್ಟ ಕಾರಣ ನೋಡಿ. ಹಣದ ಪ್ರಶ್ನೆ ಅಲ್ಲವಂತೆ. ರಾಜರ ಆಳ್ವಿಕೆ ಮತ್ತೆ ಬಂದರೆ ಪ್ರಜೆಗಳ ಸುಖಕ್ಕೆ ಧಕ್ಕೆಯಂತೆ. ರಾಜ್ಯ ಕಿತ್ತುಕೊಂಡಾಗ ಹೇಳಿದ ಕಾರಣವೇ ಬೇರೆ, ಇಟ್ಟುಕೊಳ್ಳಲು ಹೇಳಿದ ಕಾರಣವೇ ಬೇರೆ. ಟೆಸ್ಟ್ ಪಾಸಾದ ಮೇಲೆ ರಿಕ್ವೈರ್‌ಮೆಂಟ್ ಬದಲಾಯಿಸುವ ಕ್ಲೈಂಟ್ ಇವತ್ತಿನ ಸೃಷ್ಟಿಯೇನಲ್ಲ.

ಆಮೇಲೆ ಬಂದ ಡಾಲ್‌ಹೌಸಿ. ಸತಾರಾ, ಝಾನ್ಸಿ, ನಾಗಪುರ ನುಂಗಿದವನು. 1856ರ ಟಿಪ್ಪಣಿಯಲ್ಲಿ ಅವನು ಮೈಸೂರಿನ ಒಪ್ಪಂದವನ್ನು ವಕೀಲನ ಹಾಗೆ ಓದಿದ್ದಾನೆ. ಅದರಲ್ಲಿ ವಾರಸುದಾರರ ಹೆಸರಿಲ್ಲ, ಇದು ಈ ಒಬ್ಬ ವ್ಯಕ್ತಿಯ ಜೊತೆ ಮಾಡಿಕೊಂಡ ಒಪ್ಪಂದ, ಇವರ ಕಾಲ ಮುಗಿದ ಮೇಲೆ ರಾಜ್ಯ ನಮ್ಮದೇ ಅಂತ. ಮಹಾರಾಜರಿಗೆ ಆಗ 60 ದಾಟಿತ್ತು, ಪಟ್ಟಕ್ಕೆ ಬರುವ ಮಗ ಇರಲಿಲ್ಲ. ನಮ್ಮ ಕಡೆ ಇದನ್ನು ತಲಕಾಡಿನ ಅಲಮೇಲಮ್ಮನ ಶಾಪ ಅಂತಾರೆ. ಶಾಪವೋ ಅಲ್ಲವೋ, ಕಲ್ಕತ್ತಾದಲ್ಲಿ ಅದರ ಮೇಲೆ ಲೆಕ್ಕ ಹಾಕಿಕೊಂಡು ಕೂತಿದ್ದಂತೂ ನಿಜ.

ಅರ್ಜಿ ಬಿದ್ದುಹೋಗಿದ್ದರೆ ಏನಾಗುತ್ತಿತ್ತು ಅಂತ ನೋಡಬೇಕಾದರೆ ಅದೇ ತಲಕಾಡಿನ ಕಾವೇರಿ ದಡಕ್ಕೆ ಹೋಗಿ, ಟಿ. ನರಸೀಪುರ ತಾಲೂಕು. ಹೊಳೆಯಾಚೆಯ ಕೊಳ್ಳೇಗಾಲದ ಸೀಮೆ 1799ರಲ್ಲಿ ಕಂಪನಿಯ ಪಾಲಿಗೆ ಹೋಯಿತು. ಕನ್ನಡದ ಆ ನೆಲ 1956ರವರೆಗೂ ಮದ್ರಾಸಿನ ಕೊಯಮತ್ತೂರು ಜಿಲ್ಲೆಯ ಒಂದು ಮೂಲೆಯಾಗಿತ್ತು. ಅದೇ ನೀರು, ಅದೇ ಮಾತು, ಕಚೇರಿ ಮಾತ್ರ ಇನ್ನೆಲ್ಲೋ. ಮುಂಬಯಿ ಕರ್ನಾಟಕದ್ದು, ಹೈದರಾಬಾದ್ ಕರ್ನಾಟಕದ್ದು, ಕೊಡಗಿನದ್ದು ಎಲ್ಲ ಇದೇ ಪಾಡು. ಮೈಸೂರೂ ಹೋಗಿದ್ದರೆ 1916ರ ಮೈಸೂರು ವಿಶ್ವವಿದ್ಯಾನಿಲಯವನ್ನು ಯಾರು ಕಟ್ಟುತ್ತಿದ್ದರು?

ಇರಲಿ, ಅರ್ಜಿಗೆ ವಾಪಸ್ ಬರೋಣ. 1857ರಲ್ಲಿ ಮುಮ್ಮಡಿಯವರು ಬ್ರಿಟಿಷರ ಕಡೆ ನಿಂತರು. (ಈ ಬಗ್ಗೆ ಬೈಯುವವರು ಬೈಯಬಹುದು, ನಾನು ಇಲ್ಲಿ ತೀರ್ಪು ಕೊಡಲು ಹೋಗಲ್ಲ.) ಇಷ್ಟಾದರೂ ವೈಸ್‌ರಾಯ್ ಕ್ಯಾನಿಂಗ್ 1860ರಲ್ಲಿ ಲಂಡನ್ನಿಗೆ ಏನು ಬರೆದ ಗೊತ್ತೇ? ಮಹಾರಾಜರಿಗೆ ದತ್ತು ತೆಗೆದುಕೊಳ್ಳುವ ಮನಸ್ಸಿಲ್ಲ, ರಾಜ್ಯವನ್ನು ನಮಗೇ ಬಿಟ್ಟುಹೋಗುತ್ತಾರೆ ಅಂತ. ಬೇರೆ ಸಂಸ್ಥಾನಗಳಿಗೆಲ್ಲ ಸಿಕ್ಕ ದತ್ತು ಸನದು ಮೈಸೂರಿಗೆ ಸಿಗಲಿಲ್ಲ. ನಾನು ಹಾಗೆ ಹೇಳಿಯೇ ಇಲ್ಲ ಅಂತ ಮಹಾರಾಜರು ಆಮೇಲೆ ನಿರಾಕರಿಸಬೇಕಾಯಿತು.

1861ರ ಫೆಬ್ರವರಿಯಲ್ಲಿ ಅವರು ಕ್ಯಾನಿಂಗನಿಗೆ ಬರೆದ ಪತ್ರ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಅಲ್ಲಿ ಕೇಳುತ್ತಿರುವುದು ದಯೆಯನ್ನಲ್ಲ, 1799ರ ಒಪ್ಪಂದದ ಹಕ್ಕನ್ನು. 1862ರ ಮಾರ್ಚಿನಲ್ಲಿ ಕ್ಯಾನಿಂಗ್ 'ಇಲ್ಲ' ಅಂದ. ಆದರೆ ಬರೀ 'ಇಲ್ಲ' ಅನ್ನಲಿಲ್ಲ, ಉದ್ದಕ್ಕೆ ಕಾರಣ ಬರೆದ. ಅಲ್ಲೇ ಅವನು ಸಿಕ್ಕಿಬಿದ್ದದ್ದು. ಕಾರಣ ಬರೆದರೆ ಅದಕ್ಕೆ ಉತ್ತರ ಬರೆಯಬಹುದಲ್ಲ! ಮಹಾರಾಜರ ಕಡೆಯವರು ಆ ವಾದಗಳಿಗೆ ಉತ್ತರ ಹೊಸೆದು ಲಂಡನ್ನಿನ ಸೆಕ್ರೆಟರಿ ಆಫ್ ಸ್ಟೇಟ್ ಚಾರ್ಲ್ಸ್ ವುಡ್‌ವರೆಗೂ ಮೇಲ್ಮನವಿ ಒಯ್ದರು. 1863ರಲ್ಲಿ ಅವನೂ 'ಇಲ್ಲ' ಅಂದ.

'ವಾರಸುದಾರರ ಹೆಸರಿಲ್ಲ' ಎಂಬ ಡಾಲ್‌ಹೌಸಿಯ ಮಾತಿಗೆ ಉತ್ತರ ಒಪ್ಪಂದದ ಒಳಗೇ ಇತ್ತು. ಸೂರ್ಯ ಚಂದ್ರರು ಇರುವ ತನಕ ಇದು ಎರಡೂ ಕಡೆಯವರನ್ನು ಕಟ್ಟಿಹಾಕುತ್ತದೆ ಅಂತ ಅದರಲ್ಲೇ ಬರೆದಿದೆ. ಇಂಗ್ಲಿಷಿನಲ್ಲಿ ಓದಿದರೆ ಇದು ಬರೀ ಅಲಂಕಾರ. ಕನ್ನಡದವರಿಗೆ ಹಾಗಲ್ಲ. ದಾನಶಾಸನದ ಕಲ್ಲುಗಳಲ್ಲಿ 'ಆಚಂದ್ರಾರ್ಕ' ಅಂತ ಕೆತ್ತಿಸುತ್ತಿದ್ದದ್ದು ದಾನ ತೆಗೆದುಕೊಂಡವನು ಸತ್ತ ಮೇಲೂ ಅದು ಮಕ್ಕಳು ಮೊಮ್ಮಕ್ಕಳಿಗೆ ಉಳಿಯಲಿ ಅಂತಲೇ. ಒಬ್ಬನ ಆಯುಸ್ಸಿಗೆ ಯಾರಾದರೂ ಸೂರ್ಯ ಚಂದ್ರರನ್ನು ಸಾಕ್ಷಿ ಕರೆಯುತ್ತಾರೆಯೇ?

1865ರ ಜೂನ್ 18ರಂದು ಮುಮ್ಮಡಿಯವರು ಅನುಮತಿಗೆ ಕಾಯದೆ ಬೆಟ್ಟದಕೋಟೆ ಅರಸು ಮನೆತನದ ಎರಡು ವರ್ಷದ ಮಗು ಚಾಮರಾಜೇಂದ್ರನನ್ನು ದತ್ತು ತೆಗೆದುಕೊಂಡರು. ವೈಸ್‌ರಾಯ್ ಲಾರೆನ್ಸ್ ರಾಜ್ಯದ ಮಟ್ಟಿಗೆ ಇದನ್ನು ಒಪ್ಪಲಿಲ್ಲ. ಆದರೆ ಅರ್ಜಿಯ ಮುಖವೇ ಬದಲಾಗಿತ್ತು. 'ಈ ಮುದುಕ ಚೆನ್ನಾಗಿ ಆಳುತ್ತಾನೆಯೇ' ಅನ್ನುವ ಪ್ರಶ್ನೆಗೆ ಮೂವತ್ತು ವರ್ಷದಿಂದ 'ಇಲ್ಲ' ಅನ್ನುತ್ತಿದ್ದರು. ಎರಡು ವರ್ಷದ ಮಗುವಿನ ಬಗ್ಗೆ ಹಾಗನ್ನುವುದು ಹೇಗೆ? ದುರಾಡಳಿತದ ದೂರು ಹೊರಿಸಲು ಅದಕ್ಕಿನ್ನೂ ಸರಿಯಾಗಿ ಮಾತೇ ಬಂದಿರಲಿಲ್ಲ. ಲಂಡನ್ನಿನಲ್ಲಿ ಮೇಜರ್ ಇವಾನ್ಸ್ ಬೆಲ್ ಅದೇ ವರ್ಷ ಮೈಸೂರಿನ ಪರವಾಗಿ ಪುಸ್ತಕವನ್ನೇ ಬರೆದ. ಓದುವವರು ಈಗ ಕಲ್ಕತ್ತಾದ ಅಧಿಕಾರಿಗಳಷ್ಟೇ ಅಲ್ಲ, ಪಾರ್ಲಿಮೆಂಟಿನ ಸದಸ್ಯರು ಕೂಡ.

ಅದೃಷ್ಟವೂ ಸೇರಿತು ಅನ್ನಿ. 1866ರಲ್ಲಿ ಇಂಗ್ಲೆಂಡಿನಲ್ಲಿ ಸರ್ಕಾರ ಬದಲಾಯಿತು. ಹೊಸ ಸೆಕ್ರೆಟರಿ ಸ್ಟಾಫರ್ಡ್ ನಾರ್ತ್‌ಕೋಟ್ 1867ರ ಏಪ್ರಿಲ್ 16ರಂದು ಆದೇಶ ಕಳಿಸಿದ: ದತ್ತು ಮಾನ್ಯ, ಹುಡುಗನಿಗೆ ಒಳ್ಳೆಯ ಶಿಕ್ಷಣ ಕೊಟ್ಟು, ವಯಸ್ಸಿಗೆ ಬಂದು ಯೋಗ್ಯನಾದಾಗ ರಾಜ್ಯ ವಹಿಸಿಕೊಡುವುದು. ಮೂವತ್ತಾರು ವರ್ಷ ಕೇಳಿದವರಿಗೆ ಮಾತ್ರ ಏನೂ ಇಲ್ಲ. ಮುಮ್ಮಡಿಯವರು 1868ರ ಮಾರ್ಚ್ 27ರಂದು ತೀರಿಕೊಂಡರು.

1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಬಂತು, ಷರತ್ತುಗಳ ಉದ್ದ ಪಟ್ಟಿಯ ಜೊತೆ. ಒಪ್ಪಂದದ ಜಾಗದಲ್ಲಿ ಬರೀ ಹಸ್ತಾಂತರ ಪತ್ರ, ಪೊಗದಿಯನ್ನು 35 ಲಕ್ಷಕ್ಕೆ ಏರಿಸುವ ಕರಾರು. ಅವರ ಮಗ ನಾಲ್ವಡಿಯವರು ಅದರ ಬಗ್ಗೆ ಮತ್ತೆ ಬರೆದರು, 1913ರಲ್ಲಿ ಆ ಪತ್ರ ಹೋಗಿ ಒಪ್ಪಂದ ಬಂತು. ಈ ಸಲ 'ಆಗಲಿ' ಅಂದ ವೈಸ್‌ರಾಯ್ ಹೆಸರು ಹಾರ್ಡಿಂಜ್. 1840ರ ದಶಕದಲ್ಲಿ ಮುಮ್ಮಡಿಯವರ ಮನವಿ ಹೋಗಿತ್ತಲ್ಲ, ಆ ಹಾರ್ಡಿಂಜ್‌ನ ಮೊಮ್ಮಗ.