ಹೇಳಿದರೆ ಸಾಲದು, ಕೇಳಬೇಕು: ದೂರದ ಉಪಕರಣಗಳೊಡನೆ ಮಾತುಕತೆಯ ಕಥೆ



ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ ಕಡೆ ರೇಷ್ಮೆಹುಳು ಸಾಕುವ ಮನೆಯೊಂದಕ್ಕೆ ಹೋದರೆ, ಗೋಡೆಗೆ ತೂಗುಹಾಕಿದ ಒಂದು ಹಲಗೆ ನಿಮ್ಮ ಕಣ್ಣಿಗೆ ಬೀಳಬಹುದು. ಅದರಲ್ಲಿ ಎರಡು ಉಷ್ಣಮಾಪಕಗಳಿರುತ್ತವೆ. ಒಂದರ ಬಲ್ಬು ಒಣಗಿರುತ್ತದೆ. ಇನ್ನೊಂದರ ಬಲ್ಬಿಗೆ ಒದ್ದೆ ಬಟ್ಟೆಯ ಬತ್ತಿ ಸುತ್ತಿರುತ್ತದೆ. ಗಾಳಿಯಲ್ಲಿ ತೇವ ಕಡಿಮೆಯಿದ್ದಷ್ಟೂ ಒದ್ದೆ ಬತ್ತಿಯಿಂದ ನೀರು ಬೇಗ ಆವಿಯಾಗುತ್ತದೆ, ಆ ಬಲ್ಬು ಹೆಚ್ಚು ತಣ್ಣಗಾಗುತ್ತದೆ. ಎರಡರ ನಡುವಿನ ವ್ಯತ್ಯಾಸದಿಂದ ಗಾಳಿಯ ತೇವಾಂಶ ಎಷ್ಟೆಂದು ತಿಳಿಯಬಹುದು.

ಇದು ಅಲಂಕಾರಕ್ಕೆ ಇಟ್ಟ ವಸ್ತುವಲ್ಲ. ಚಾಕಿ ಹುಳುಗಳಿಗೆ 27ರಿಂದ 28 ಡಿಗ್ರಿ ಶಾಖ, ಶೇಕಡ 85ರಿಂದ 90ರಷ್ಟು ತೇವಾಂಶ ಬೇಕು. ನಾಲ್ಕು ಜ್ವರ ದಾಟಿದ ದೊಡ್ಡ ಹುಳುಗಳಿಗೆ 24ರಿಂದ 25 ಡಿಗ್ರಿ ಶಾಖ, ಶೇಕಡ 70ರಷ್ಟು ತೇವಾಂಶ ಸಾಕು. ಲೆಕ್ಕ ತಪ್ಪಿದರೆ ಹುಳುಗಳಿಗೆ ರೋಗ ತಗಲುತ್ತದೆ. ಒಂದು ಬೆಳೆಯ ದುಡಿಮೆಯೆಲ್ಲ ಕೈಬಿಟ್ಟುಹೋಗುತ್ತದೆ. ಆದ್ದರಿಂದ ಮನೆಯವರಲ್ಲಿ ಒಬ್ಬರು ನಡುರಾತ್ರಿಯಲ್ಲೂ ಎದ್ದು, ದೀಪ ಹಿಡಿದು, ಉಷ್ಣಮಾಪಕದ ಎದುರು ಹೋಗಿ ನಿಲ್ಲಬೇಕಾಗುತ್ತದೆ.

ಅಳೆಯುವವರು ಉಪಕರಣದ ಬಳಿಗೆ ಹೋಗಬೇಕು ಎಂಬುದು ಶತಮಾನಗಳ ನಿಯಮ. ಆದರೆ ಉಪಕರಣ ಹತ್ತಾರು ಕಿಲೋಮೀಟರ್ ದೂರದಲ್ಲಿದ್ದರೆ? ಒಂದಲ್ಲ, ಸಾವಿರ ಉಪಕರಣಗಳಿದ್ದರೆ? ಆಗ ಅವುಗಳ ಮಾತನ್ನು ನಾವು ಕೇಳುವುದು ಹೇಗೆ, ನಮ್ಮ ಮಾತನ್ನು ಅವುಗಳಿಗೆ ಹೇಳುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಿದ ಇತಿಹಾಸದ ಎರಡು ಒಳ್ಳೆಯ ಅಧ್ಯಾಯಗಳು ಸಾದಲಿ ಇರುವ ಜಿಲ್ಲೆಯಲ್ಲಿಯೇ, ಗೌರಿಬಿದನೂರಿನಲ್ಲಿ ನಡೆದಿವೆ. ಆಗ ಇದು ಕೋಲಾರ ಜಿಲ್ಲೆ. 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆ.

ನೆಲಕ್ಕೆ ಕಿವಿಯಿಟ್ಟವರು

1963ರಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ ಮತ್ತು ಬ್ರಿಟನ್ ಒಂದು ಒಪ್ಪಂದಕ್ಕೆ ಬಂದವು. ಗಾಳಿಯಲ್ಲಿ, ನೀರಿನೊಳಗೆ, ಬಾಹ್ಯಾಕಾಶದಲ್ಲಿ ಅಣ್ವಸ್ತ್ರ ಪರೀಕ್ಷೆ ಮಾಡಬಾರದು ಎಂಬುದು ಅದರ ಸಾರ. ನೆಲದಡಿಯ ಪರೀಕ್ಷೆಗಳನ್ನು ಮಾತ್ರ ಅದು ನಿಷೇಧಿಸಲಿಲ್ಲ. ಇಂಥ ಪರೀಕ್ಷೆ ನಡೆದರೆ ಸಾವಿರಾರು ಕಿಲೋಮೀಟರ್ ದೂರದಲ್ಲಿರುವವರಿಗೆ ತಿಳಿಯುವುದು ಹೇಗೆ? ಅದು ಭೂಕಂಪವೋ ಸ್ಫೋಟವೋ ಎಂದು ಹೇಳುವುದು ಹೇಗೆ? ನೆಲದ ಕಂಪನವನ್ನು ಸೂಕ್ಷ್ಮವಾಗಿ ಅಳೆಯುವುದೊಂದೇ ದಾರಿ.

1965ರಲ್ಲಿ ನಮ್ಮ ಅಣುಶಕ್ತಿ ಸಂಸ್ಥೆಯವರು ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರದ ಸಹಕಾರದಿಂದ ಗೌರಿಬಿದನೂರಿನಲ್ಲಿ ಭೂಕಂಪಮಾಪಕಗಳ ಒಂದು ವ್ಯೂಹವನ್ನು ಸ್ಥಾಪಿಸಿದರು. ಕಡಲ ಅಲೆಗಳ ಗದ್ದಲದಿಂದ ದೂರ, ಅತಿ ಪ್ರಾಚೀನ ಗಟ್ಟಿ ಬಂಡೆಯ ನೆಲ. ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ ಜಾಗ. ಇಂಗ್ಲಿಷಿನ ‘ಎಲ್’ ಅಕ್ಷರದಂತೆ ಎರಡು ತೋಳುಗಳು. ಒಂದೊಂದೂ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಉದ್ದ. ಎರಡರಲ್ಲೂ ಸೇರಿ 20 ಮಾಪಕಗಳು. ಒಂದೊಂದು ಮಾಪಕವೂ ತಾನು ಅಳೆದ ಕಂಪನವನ್ನು ರೇಡಿಯೋ ಅಲೆಯ ಮೇಲೆ ಕೇಂದ್ರ ಪ್ರಯೋಗಾಲಯಕ್ಕೆ ಕಳುಹಿಸುತ್ತಿತ್ತು. ಅಲ್ಲಿ ಅವೆಲ್ಲವೂ ಕಾಂತೀಯ ಟೇಪಿನಲ್ಲಿ ಒಟ್ಟಿಗೆ ದಾಖಲಾಗುತ್ತಿದ್ದವು.

ಇಪ್ಪತ್ತು ಏಕೆ, ಒಂದು ಸಾಲದೇ? ಒಂದು ಉದಾಹರಣೆ ನೋಡೋಣ. ದೂರದ ದೇಶದಿಂದ ಬಂದ ಕಂಪನದ ಅಲೆ ವ್ಯೂಹದ ಒಂದು ತುದಿಯನ್ನು ಮುಟ್ಟಿ, ಒಂದೆರಡು ಸೆಕೆಂಡುಗಳಲ್ಲಿ ಇನ್ನೊಂದು ತುದಿಯನ್ನು ದಾಟುತ್ತದೆ. ಈ ತಡವನ್ನು ಸರಿಹೊಂದಿಸಿ ಇಪ್ಪತ್ತು ದಾಖಲೆಗಳನ್ನೂ ಕೂಡಿಸಿದರೆ ನಿಜವಾದ ಅಲೆ ಇಪ್ಪತ್ತು ಪಟ್ಟು ಬೆಳೆಯುತ್ತದೆ. ದಾರಿಯಲ್ಲಿ ಹೋಗುವ ಲಾರಿ, ಗಾಳಿಗೆ ಅಲ್ಲಾಡುವ ಮರ ಮುಂತಾದವುಗಳ ಗದ್ದಲ ಒಂದೊಂದು ಕಡೆ ಒಂದೊಂದು ರೀತಿ ಇರುವುದರಿಂದ ಅದು ಸುಮಾರು ನಾಲ್ಕೂವರೆ ಪಟ್ಟು ಮಾತ್ರ ಬೆಳೆಯುತ್ತದೆ. ನಾಲ್ಕೂವರೆ ಎಂದರೆ ಇಪ್ಪತ್ತರ ವರ್ಗಮೂಲ. ಅಷ್ಟೇ ಅಲ್ಲ, ಯಾವ ತುದಿ ಮೊದಲು ನಡುಗಿತು ಎಂಬುದರಿಂದ ಅಲೆ ಯಾವ ದಿಕ್ಕಿನಿಂದ ಬಂತೆಂದೂ ತಿಳಿಯುತ್ತದೆ.

ಇಲ್ಲಿ ಒಂದು ಅಂಶವನ್ನು ಗಮನಿಸಿ. ಈ ವ್ಯವಸ್ಥೆಯಲ್ಲಿ ಮಾಹಿತಿ ಹರಿದದ್ದು ಮುಖ್ಯವಾಗಿ ಒಂದೇ ದಿಕ್ಕಿನಲ್ಲಿ. ಹೊಲದಲ್ಲಿದ್ದ ಮಾಪಕ ಹೇಳುತ್ತಿತ್ತು, ಕೇಂದ್ರದಲ್ಲಿದ್ದವರು ಕೇಳುತ್ತಿದ್ದರು. ಇದನ್ನು ದೂರಮಾಪನ ಎನ್ನುತ್ತೇವೆ. ಮಾಪಕಕ್ಕೆ ಆಜ್ಞೆ ಕೊಡುವುದು ಮುಂದಿನ ಹೆಜ್ಜೆ.

ಅಲುಗಾಡದ ದೂರದರ್ಶಕ

ಆ ಹೆಜ್ಜೆಯನ್ನು ನೋಡಲು ಬೇರೆ ಊರಿಗೆ ಹೋಗಬೇಕಾಗಿಲ್ಲ. 1976ರಲ್ಲಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು ಕೂಡಿ ಗೌರಿಬಿದನೂರಿನ ಬಳಿಯೇ ಒಂದು ರೇಡಿಯೋ ದೂರದರ್ಶಕವನ್ನು ಕಟ್ಟಿದವು. ದೂರದರ್ಶಕ ಎಂದೊಡನೆ ದೊಡ್ಡ ಬೋಗುಣಿಯಂಥ ಆಂಟೆನಾವನ್ನು ನೀವು ಕಲ್ಪಿಸಿಕೊಳ್ಳಬಹುದು. ಇದು ಹಾಗಿರಲಿಲ್ಲ. ಬಯಲಿನಲ್ಲಿ ‘ಟಿ’ ಆಕಾರದಲ್ಲಿ ನೆಟ್ಟ 1000 ಡೈಪೋಲ್ ಆಂಟೆನಾಗಳು. ಪೂರ್ವ ಪಶ್ಚಿಮವಾಗಿ 1.38 ಕಿಲೋಮೀಟರ್, ದಕ್ಷಿಣಕ್ಕೆ 0.45 ಕಿಲೋಮೀಟರ್. ಅವು ಗ್ರಹಿಸುತ್ತಿದ್ದುದು 34.5 ಮೆಗಾಹರ್ಟ್ಸ್ ಆವರ್ತನದ, ಎಂದರೆ ಸುಮಾರು 8.7 ಮೀಟರ್ ಉದ್ದದ ರೇಡಿಯೋ ಅಲೆಗಳನ್ನು.

ಸಾವಿರ ಆಂಟೆನಾಗಳನ್ನು ತಿರುಗಿಸುವುದು ಸಾಧ್ಯವಿಲ್ಲದ ಮಾತು. ಹಾಗಾದರೆ ಆಕಾಶದ ಒಂದು ನಿರ್ದಿಷ್ಟ ದಿಕ್ಕನ್ನು ನೋಡುವುದು ಹೇಗೆ? ಭೂಕಂಪ ವ್ಯೂಹದ ಉಪಾಯವೇ ಇಲ್ಲಿಯೂ ಕೆಲಸಕ್ಕೆ ಬಂತು. ಒಂದೊಂದು ಸಾಲಿನ ಸಂಕೇತವನ್ನೂ ತಕ್ಕಷ್ಟು ಹಿಂದೆ ಮುಂದೆ ಸರಿಸಿ ಕೂಡಿಸಿದರೆ, ಒಂದು ದಿಕ್ಕಿನಿಂದ ಬಂದ ಅಲೆಗಳು ಮಾತ್ರ ಒಟ್ಟುಗೂಡಿ ಬಲಗೊಳ್ಳುತ್ತವೆ. ಭೂಮಿಯನ್ನು ಆಲಿಸುವವರ ಗಣಿತ, ಆಕಾಶವನ್ನು ಆಲಿಸುವವರ ಗಣಿತ ಎರಡೂ ಒಂದೇ!

ವ್ಯತ್ಯಾಸವೆಂದರೆ, ಇಲ್ಲಿ ಈ ಸರಿಸುವ ಕೆಲಸ ಬಯಲಿನಲ್ಲಿಯೇ ನಡೆಯಬೇಕಿತ್ತು. ಅದಕ್ಕಾಗಿ ಡಯೋಡ್ ಸ್ವಿಚ್ಚುಗಳಿದ್ದ ಹಂತ ಬದಲಿಸುವ ಮಂಡಲಗಳನ್ನು ಅಳವಡಿಸಿದರು. ಅವುಗಳಿಗೆ ಆಜ್ಞೆ ದೂರದಿಂದಲೇ ಹೋಗುತ್ತಿತ್ತು. ಆಜ್ಞೆ ಬದಲಾದರೆ ದೂರದರ್ಶಕದ ನೋಟ ಬದಲಾಗುತ್ತಿತ್ತು, ಬಯಲಿನಲ್ಲಿ ಒಂದು ಕಡ್ಡಿಯೂ ಅಲುಗಾಡದೆ. ಭೂಮಿ ತಿರುಗುವುದರಿಂದ ಆಕಾಶದ ಆಕರವೊಂದು ಇಂಥ ದೂರದರ್ಶಕದ ಕಿರಿದಾದ ನೋಟದೊಳಗೆ ಉಳಿಯುವುದು ಒಂದೆರಡು ನಿಮಿಷ ಮಾತ್ರ. ಮುಂದೆ 1980ರ ದಶಕದಲ್ಲಿ ಇದಕ್ಕೊಂದು ಅನುಸರಣ ವ್ಯವಸ್ಥೆ ಬಂತು. ಆಗ ಆಜ್ಞೆಗಳು ಒಂದರ ಹಿಂದೊಂದು ತಾವಾಗಿಯೇ ಹೊರಟು, ಒಂದು ಆಕರವನ್ನು ಸುಮಾರು 40 ನಿಮಿಷ ಹಿಂಬಾಲಿಸುವುದು ಸಾಧ್ಯವಾಯಿತು. ಕ್ಷೀಣವಾಗಿ ಮಿಡಿಯುವ ಪಲ್ಸಾರ್ ತಾರೆಗಳ ಅಧ್ಯಯನಕ್ಕೆ ಈ ಕಾಲಾವಕಾಶ ಬೇಕೇ ಬೇಕಿತ್ತು. 1990ರಲ್ಲಿ ಕೆ. ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ ಇದೇ ದೂರದರ್ಶಕದಿಂದ ಪಡೆದ ವಿಶಾಲ ಆಕಾಶದ ರೇಡಿಯೋ ನಕ್ಷೆಯನ್ನು ಪ್ರಕಟಿಸಿದರು.

ಆದರೆ ಯೋಚಿಸಿ. ನೂರಾರು ಸ್ವಿಚ್ಚುಗಳಲ್ಲಿ ಒಂದು ಆಜ್ಞೆಯನ್ನು ಪಾಲಿಸದೆ ಹೋದರೆ? ಗಂಟೆ ಬಾರಿಸುವುದಿಲ್ಲ, ಹೊಗೆ ಏಳುವುದಿಲ್ಲ. ಮೊತ್ತ ಮಾತ್ರ ಸದ್ದಿಲ್ಲದೆ ಸ್ವಲ್ಪ ಕೆಡುತ್ತದೆ. ದೂರದಿಂದ ಆಜ್ಞೆ ಕೊಡುವ ಎಲ್ಲ ವ್ಯವಸ್ಥೆಗಳನ್ನೂ ಕಾಡುವ ತೊಡಕು ಇದು.

ಒಂದೇ ತಂತಿ, ಒಂದೊಂದೇ ಬಿಟ್

ಇತ್ತ ಪ್ರಪಂಚದ ಪ್ರಯೋಗಾಲಯಗಳಲ್ಲಿ ಗಣಕಯಂತ್ರ ಕಾಲಿಟ್ಟಿತ್ತು. ಅದಕ್ಕೂ ಅಳೆಯುವ ಉಪಕರಣಕ್ಕೂ ಮಾತುಕತೆ ಬೆಳೆಸುವುದು ಹೇಗೆ? ಉತ್ತರ ಹಳೆಯ ಟೆಲಿಪ್ರಿಂಟರಿನಲ್ಲಿ ಸಿದ್ಧವಾಗಿತ್ತು. ಸುದ್ದಿ ವಿಭಾಗಗಳಲ್ಲಿ ಹಿಂದೆ ಹಗಲು ರಾತ್ರಿ ಕಟಕಟನೆ ಸದ್ದು ಮಾಡುತ್ತಿದ್ದ ಆ ಯಂತ್ರ ಒಂದೇ ಜೋಡಿ ತಂತಿಯ ಮೇಲೆ ಅಕ್ಷರಗಳನ್ನು ಪಡೆಯುತ್ತಿತ್ತು. ಕೆರೆಯ ಕಿರಿದಾದ ಏರಿಯ ಮೇಲೆ ಜನ ಒಬ್ಬರ ಹಿಂದೊಬ್ಬರು ನಡೆಯುವಂತೆ ಬಿಟ್‌ಗಳು ಸಾಲಾಗಿ ಹೋಗುತ್ತವೆ. ಇದಕ್ಕೇ ಸರಣಿ ಸಂವಹನ ಎಂದು ಹೆಸರು.

1960ರಲ್ಲಿ ಇದಕ್ಕೊಂದು ಮಾನಕ ಬಂತು, ಆರ್‌ಎಸ್-232. ಅದರ 1969ರ ಪರಿಷ್ಕೃತ ರೂಪ ಹಲವು ದಶಕ ಆಳಿತು. ಇದರಲ್ಲಿ ಒಂದು ಅಕ್ಷರ ಹೇಗೆ ಸಾಗುತ್ತದೆ? ಮೊದಲು ‘ಇಗೋ ಬಂದೆ’ ಎನ್ನುವ ಒಂದು ಆರಂಭ ಬಿಟ್, ಆಮೇಲೆ ಅಕ್ಷರದ 8 ಬಿಟ್‌ಗಳು, ಕೊನೆಗೆ ‘ಮುಗಿಯಿತು’ ಎನ್ನುವ ಒಂದು ಬಿಟ್, ಒಟ್ಟು 10. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ 960 ಅಕ್ಷರ ಕಳುಹಿಸಬಹುದು. ಎರಡು ತುದಿಯವರೂ ವೇಗವನ್ನು ಮೊದಲೇ ಒಪ್ಪಿಕೊಂಡಿರಬೇಕು. ಇಲ್ಲದಿದ್ದರೆ ಬರುವುದು ಅರ್ಥವಿಲ್ಲದ ಅಕ್ಷರಗಳ ರಾಶಿ. ಈ ತಂತಿ ಹದಿನೈದು ಮೀಟರಿಗಿಂತ ಹೆಚ್ಚು ದೂರಕ್ಕೆ ತಕ್ಕುದಲ್ಲ. 1983ರಲ್ಲಿ ಬಂದ ಆರ್‌ಎಸ್-485 ಮಾನಕ ಹೆಣೆದ ಜೋಡಿ ತಂತಿಯ ಮೇಲೆ ಸುಮಾರು 1200 ಮೀಟರಿನವರೆಗೂ ಸಂಕೇತವನ್ನು ಒಯ್ಯಬಲ್ಲದು.

ತಂತಿಯೇನೋ ಸಿದ್ಧವಾಯಿತು. ಭಾಷೆ? ಒಂದೊಂದು ಕಂಪನಿಯ ಉಪಕರಣಕ್ಕೆ ಒಂದೊಂದು ಆಜ್ಞಾಪದಗಳಿದ್ದವು. ಹಳೆಯ ಮಾಪಕವನ್ನು ತೆಗೆದು ಬೇರೆ ಕಂಪನಿಯದನ್ನು ಇಟ್ಟರೆ ಇಡೀ ಪ್ರೋಗ್ರಾಮನ್ನು ತಿರುಗಿ ಬರೆಯಬೇಕಿತ್ತು. 1987ರ ಐಇಇಇ ಮಾನಕವೊಂದು ಎಲ್ಲ ಉಪಕರಣಗಳಿಗೂ ಸಮಾನವಾದ ಕೆಲವು ಆಜ್ಞೆಗಳನ್ನು ಗೊತ್ತುಮಾಡಿತು. 1990ರಲ್ಲಿ ಉಪಕರಣ ತಯಾರಕರು ಒಟ್ಟುಗೂಡಿ ಎಸ್‌ಸಿಪಿಐ ಎಂಬ ಸಮಾನ ಆಜ್ಞಾಭಾಷೆಯನ್ನು ರೂಪಿಸಿದರು.

ಪ್ರಶ್ನಾರ್ಥಕ ಚಿಹ್ನೆಯ ಬೆಲೆ

ಈ ಭಾಷೆಯಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಒಂದು ಪುಟ್ಟ ಚಿಹ್ನೆ. ಆಜ್ಞೆಯ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟರೆ ಅದು ಪ್ರಶ್ನೆಯಾಗುತ್ತದೆ, ಉಪಕರಣ ಉತ್ತರಿಸುತ್ತದೆ. ಒಂದು ನಕ್ಷತ್ರ ಚಿಹ್ನೆ, ಐ, ಡಿ, ಎನ್, ಬಳಿಕ ಪ್ರಶ್ನಾರ್ಥಕ ಚಿಹ್ನೆ: ಇಷ್ಟನ್ನು ಕಳುಹಿಸಿದರೆ ‘ನೀನು ಯಾರು?’ ಎಂದಂತೆ. ತಯಾರಕರ ಹೆಸರು, ಮಾದರಿ, ಕ್ರಮಸಂಖ್ಯೆಗಳನ್ನು ಅದು ಹೇಳುತ್ತದೆ. ‘ಕೆಲಸ ಮುಗಿಯಿತೇ?’ ಎಂದು ಕೇಳಬಹುದು. ‘ಏನಾದರೂ ತಪ್ಪಾಯಿತೇ?’ ಎಂದೂ ಕೇಳಬಹುದು.

ಇದರ ಬೆಲೆ ನನಗೆ ತಿಳಿದದ್ದು ಪದವಿ ತರಗತಿಯಲ್ಲಿ, ಪೆಟ್ಟು ತಿಂದ ಮೇಲೆ. ಸೌರಕೋಶವೊಂದರ ವೋಲ್ಟೇಜನ್ನು ಮಧ್ಯಾಹ್ನವೆಲ್ಲ ಅಳೆಯುವ ಪ್ರಯೋಗ ನನ್ನದು. ಮಲ್ಟಿಮೀಟರು ಮಹಡಿಯ ಮೇಲೆ ಬಿಸಿಲಿನ ಬಳಿ, ಗಣಕಯಂತ್ರ ಕೆಳಗಿನ ಕೋಣೆಯಲ್ಲಿ, ನಡುವೆ ಒಂದು ಸರಣಿ ತಂತಿ. ನೇರ ವಿದ್ಯುತ್ತಿನ ವೋಲ್ಟೇಜ್ ಅಳೆಯಲು ಸಿದ್ಧವಾಗು ಎಂಬ ಆಜ್ಞೆಯನ್ನು ಕಳುಹಿಸಿ, ನಿಮಿಷಕ್ಕೊಂದರಂತೆ ಅಂಕಿಗಳನ್ನು ಪಡೆಯತೊಡಗಿದೆ. ಅಂಕಿಗಳು ಬಂದವು. ಬಹಳ ಚಿಕ್ಕವು, ಕೆಲವೇ ಮಿಲಿವೋಲ್ಟ್. ಕೋಶ ಹಳೆಯದಿರಬೇಕು ಎಂದುಕೊಂಡು ಎರಡು ಗಂಟೆ ಕಾಲ ದಾಖಲಿಸಿ, ಅಂದವಾದ ನಕ್ಷೆಯನ್ನೂ ಬರೆದೆ.

ನಮ್ಮ ಅಧ್ಯಾಪಕರು ನಕ್ಷೆಯನ್ನು ನೋಡಿ, “ಮೀಟರಿಗೆ ಹೇಳಿದ್ದೀಯ ಸರಿ. ಅದನ್ನು ಕೇಳಿದೆಯೇನಪ್ಪ?” ಎಂದರು. ತಪ್ಪೇನಾದರೂ ಇದೆಯೇ ಎಂಬ ಪ್ರಶ್ನೆಯನ್ನು ಅವರೇ ಕೂತು ಕಳುಹಿಸಿದರು. ಆಜ್ಞೆ ಅರ್ಥವಾಗಲಿಲ್ಲ ಎಂದು ಉತ್ತರ ಬಂತು. ನಾನು ಒಂದು ಅಕ್ಷರ ತಪ್ಪಾಗಿ ಬರೆದಿದ್ದೆ. ಮೀಟರು ನನ್ನ ಆಜ್ಞೆಯನ್ನು ಬದಿಗಿಟ್ಟು, ಹಿಂದಿನ ತಂಡದವರು ಬಿಟ್ಟುಹೋಗಿದ್ದ ಪರ್ಯಾಯ ವಿದ್ಯುತ್ತಿನ ಅಳತೆಯಲ್ಲಿಯೇ ಮುಂದುವರಿದಿತ್ತು. ನಾನು ಎರಡು ಗಂಟೆ ಅಳೆದದ್ದು ಸೌರಕೋಶವನ್ನಲ್ಲ, ತಂತಿ ಸುತ್ತಮುತ್ತಲಿಂದ ಹೆಕ್ಕಿಕೊಂಡ ವಿದ್ಯುತ್ ಗುಂಯ್‌ಗುಡುವಿಕೆಯನ್ನು! ಉಪಕರಣ ಸುಳ್ಳು ಹೇಳಿರಲಿಲ್ಲ. ನಾನು ಕೇಳಿರಲಿಲ್ಲ, ಅಷ್ಟೆ. ನಮ್ಮ ಕನ್ನಡದಲ್ಲಿ ಕೇಳು ಎಂಬ ಒಂದೇ ಮಾತಿಗೆ ಪ್ರಶ್ನಿಸು, ಆಲಿಸು ಎಂಬ ಎರಡು ಅರ್ಥ ಇರುವುದು ಎಷ್ಟು ಸೊಗಸು ಎಂದು ಅಂದು ಅನ್ನಿಸಿತು.

ಮಂಗಳನವರೆಗೆ

ಈ ಪಾಠ ಎಷ್ಟು ದೂರ ಸಾಗಬಲ್ಲದು? 2014ರ ಸೆಪ್ಟೆಂಬರ್ 24ರಂದು ನಮ್ಮ ಮಂಗಳಯಾನ ಮಂಗಳನ ಕಕ್ಷೆಯನ್ನು ಸೇರಿತು. ಆ ದಿನ ನೌಕೆ ಇದ್ದ ದೂರವನ್ನು ದಾಟಲು ರೇಡಿಯೋ ಸಂಕೇತಕ್ಕೆ ಸುಮಾರು 12 ನಿಮಿಷ ಬೇಕಿತ್ತು. ಬೆಂಗಳೂರಿನಿಂದ ‘ಈಗ ಎಂಜಿನ್ ಹೊತ್ತಿಸು’ ಎಂದು ಹೇಳಿ ನಿಯಂತ್ರಿಸುವಂತಿರಲಿಲ್ಲ. ಯಾವ ಕ್ಷಣಕ್ಕೆ ಏನು ಮಾಡಬೇಕೆಂಬ ಆಜ್ಞೆಗಳನ್ನು ಕೆಲವು ದಿನ ಮೊದಲೇ ಕಳುಹಿಸಿ ನೌಕೆಯ ಗಣಕದಲ್ಲಿ ಇರಿಸಿದ್ದರು. ಆದರೂ ಒಂದು ಸಂದೇಹ ಉಳಿದಿತ್ತು. ಮುಖ್ಯ ಎಂಜಿನ್ ಸುಮಾರು 300 ದಿನ ಸುಮ್ಮನಿತ್ತು, ಅದು ಹೊತ್ತುವುದೇ? ಸೆಪ್ಟೆಂಬರ್ 22ರಂದು ವಿಜ್ಞಾನಿಗಳು ಅದನ್ನು ಸುಮಾರು 4 ಸೆಕೆಂಡು ಮಾತ್ರ ಉರಿಸಿ ನೋಡಿದರು. ಅದೂ ಒಂದು ಪ್ರಶ್ನಾರ್ಥಕ ಚಿಹ್ನೆಯೇ ಅಲ್ಲವೇ? ಎಂಜಿನ್ ‘ಇದ್ದೇನೆ’ ಎಂದು ಉತ್ತರಿಸಿತು.

ಮತ್ತೆ ಸಾದಲಿಗೆ

ಈಗ ನಾವು ಹೊರಟ ಜಾಗಕ್ಕೆ ಮರಳೋಣ. ಶಾಖವನ್ನೂ ತೇವಾಂಶವನ್ನೂ ಅಳೆದು ಸರಣಿ ತಂತಿಯ ಮೇಲೆ ಉತ್ತರ ಕೊಡುವ ಪುಟ್ಟ ಸಂವೇದಕಗಳು ಇಂದು ವಿದ್ಯಾರ್ಥಿಗಳ ಕೈಗೆಟಕುವ ಬೆಲೆಗೆ ಸಿಗುತ್ತವೆ. ಹುಳು ಸಾಕುವ ಮನೆಯಲ್ಲಿ ಅಂಥದೊಂದನ್ನಿಟ್ಟರೆ, ಮಲಗುವ ಕೋಣೆಯಿಂದಲೇ ತೇವಾಂಶ ಎಷ್ಟೆಂದು ಕೇಳಬಹುದು, ಹೀಟರಿಗೆ ಆಜ್ಞೆ ಕೊಡಬಹುದು. ಇದು ಕಷ್ಟದ ಕೆಲಸವಲ್ಲ. ನಿಮ್ಮ ಕಾಲೇಜಿನ ಪ್ರಾಜೆಕ್ಟಿಗೆ ಇದನ್ನೇ ಆರಿಸಿಕೊಳ್ಳಿ.

ಆದರೆ ಮೂರು ಮಾತು ನೆನಪಿರಲಿ. ಆಜ್ಞೆ ಕೊಟ್ಟ ಮೇಲೆ ‘ತಪ್ಪೇನಾದರೂ ಆಯಿತೇ?’ ಎಂದು ಕೇಳಿ. ಹೀಟರು ‘ಸರಿ’ ಎಂದರೆ ಅದು ನಿಮ್ಮ ಮಾತನ್ನು ಆಲಿಸಿದೆ ಎಂದಷ್ಟೇ ಅರ್ಥ. ಕೋಣೆ ನಿಜಕ್ಕೂ ಬೆಚ್ಚಗಾಯಿತೇ ಎಂದು ಉಷ್ಣಮಾಪಕವನ್ನು ಬೇರೆಯಾಗಿ ಕೇಳಿ. ಮೂರನೆಯದಾಗಿ, ಗೋಡೆಯ ಮೇಲಿನ ಆ ಹಳೆಯ ಹಲಗೆಯನ್ನು ಕಿತ್ತುಹಾಕಬೇಡಿ. ದಿನಕ್ಕೊಮ್ಮೆ ಅದರ ಎದುರು ನಿಂತು, ಎರಡು ಪಾದರಸದ ಗೆರೆಗಳನ್ನು ಓದಿ, ಗಣಕ ಕೊಟ್ಟ ಅಂಕಿಯೊಡನೆ ಹೋಲಿಸಿ. ಎರಡೂ ಒಂದನ್ನೇ ಹೇಳಿದರೆ ಅಂದು ರಾತ್ರಿ ಮನೆಯವರೆಲ್ಲ ನಿಶ್ಚಿಂತೆಯಿಂದ ಮಲಗಬಹುದು. ಬೇರೆ ಬೇರೆ ಹೇಳಿದರೆ, ದೀಪ ಹಿಡಿದು ಹುಳುಗಳ ಬಳಿಗೇ ಹೋಗಿ.