ಯಾರ್ಕಿನ ಅಂಗಳದ ಮೊಲಗಳು

ಹುಚ್ಚಾಸ್ಪತ್ರೆಗಳ ಚರಿತ್ರೆ ಓದಿದವರಿಗೆ ಸರಪಳಿ ನೆನಪಿರುತ್ತದೆ. ನನಗೆ ಮಾತ್ರ ಮೊಲಗಳು ನೆನಪಿವೆ.

1790ರಲ್ಲಿ ಇಂಗ್ಲೆಂಡಿನ ಯಾರ್ಕ್ ಅಸೈಲಮ್ಮಿನಲ್ಲಿ ಹ್ಯಾನಾ ಮಿಲ್ಸ್ ಎಂಬ ಕ್ವೇಕರ್ ಪಂಥದ ಹೆಂಗಸು ತೀರಿಕೊಂಡಳು. ಸೇರಿ ಎರಡು ತಿಂಗಳೂ ತುಂಬಿರಲಿಲ್ಲ. ನೋಡಬಂದ ಪಂಥದವರನ್ನು ಒಳಗೇ ಬಿಟ್ಟಿರಲಿಲ್ಲ. ಚಹಾ ಕಾಫಿ ವ್ಯಾಪಾರಿ ವಿಲಿಯಂ ಟ್ಯೂಕನ ಮನಸ್ಸಿಗೆ ಇದು ನಾಟಿತು. ತಮ್ಮವರನ್ನು ತಾವೇ ನೋಡಿಕೊಳ್ಳೋಣವೆಂದು ಕ್ವೇಕರರು ಊರಾಚೆ 11 ಎಕರೆ ಕೊಂಡು 1796ರಲ್ಲಿ ‘ರಿಟ್ರೀಟ್’ ತೆರೆದರು.

ಟ್ಯೂಕನ ಮೊಮ್ಮಗ ಸ್ಯಾಮ್ಯುಯೆಲ್ 1813ರಲ್ಲಿ ಅದರ ವಿವರಗಳನ್ನೆಲ್ಲ ಬರೆದಿಟ್ಟ. ಕಿಟಕಿಯ ಕಬ್ಬಿಣ ಮರದ ಚೌಕಟ್ಟಿನಂತೆ ಕಾಣುತ್ತಿತ್ತು. ಅಂಗಳದ ಗೋಡೆ 8 ಅಡಿ. ನೆಲ ಇಳಿಜಾರಾದ್ದರಿಂದ ಕಣ್ಣಿಗೆ ಅಷ್ಟು ಎತ್ತರ ಕಾಣುತ್ತಿರಲಿಲ್ಲ. ಗಂಡಸರಿಗೆ ತೋಟದ ಕೆಲಸ, ಹೆಂಗಸರಿಗೆ ಹೊಲಿಗೆ, ಮನೆಗೆಲಸ. ಹೊರಗೆ ಅಡ್ಡಾಡಲಾಗದವರಿಗಾಗಿ ಅಂಗಳದಲ್ಲಿ ಮೊಲ, ಕೋಳಿ, ಗಿಡುಗ, ಕಡಲಹಕ್ಕಿಗಳನ್ನು ಬಿಟ್ಟಿದ್ದರು. (ಕಡಲಹಕ್ಕಿಯನ್ನು ಯಾಕೆ ಆರಿಸಿದರೋ!) ಇವು ರೋಗಿಗಳೊಡನೆ ಚೆನ್ನಾಗಿ ಹೊಂದಿಕೊಂಡಿದ್ದವು. ಅವುಗಳ ಒಡನಾಟದಿಂದ ಕೆಲವೊಮ್ಮೆ ಮನುಷ್ಯರ ಮೇಲಿನ ಅಕ್ಕರೆಯೂ ಮತ್ತೆ ಎಚ್ಚರಗೊಳ್ಳುತ್ತದೆಂಬುದು ಅಲ್ಲಿಯವರ ನಂಬಿಕೆ.

ಫ್ರೆಂಚ್ ಚಿಂತಕ ಫೂಕೋ 1961ರಲ್ಲಿ ಈ ಹೊಗಳಿಕೆಯನ್ನು ಒಪ್ಪಲಿಲ್ಲ. ಹೊರಗಿನ ಸರಪಳಿ ಬಿಚ್ಚಿ ರೋಗಿಯ ಒಳಗೇ ಒಂದು ಕಾವಲು ಕೂರಿಸಿದರು ಎಂಬುದು ಅವನ ವಾದ. ಅದರಲ್ಲಿ ಹುರುಳಿದೆ. ಕೈಕಟ್ಟುವ ಅಂಗಿ ರಿಟ್ರೀಟಿನಲ್ಲೂ ಪೂರ್ತಿ ಮರೆಯಾಗಿರಲಿಲ್ಲ. ಗೋಡೆಯ ಆ ಮಾಯೆಯೂ ನನಗೆ ಕಾಣದೇ ಇಲ್ಲ. ಆದರೂ ನಾನು ಟ್ಯೂಕನ ಪಕ್ಷ. ಅಂಗಳ ಇಕ್ಕಟ್ಟೆಂದು ಸ್ಯಾಮ್ಯುಯೆಲ್ ತಾನೇ ಬರೆದ. ಅದಕ್ಕೇ ನಡೆಯಬಲ್ಲವರನ್ನು ಹೊಲಕ್ಕೂ ಪೇಟೆಗೂ ಕರೆದೊಯ್ಯುತ್ತಿದ್ದರು.